ಎಗೇರಿಯಾ ಕೇಳದ ಪ್ರಶ್ನೆಗಳು

ಪ್ರವಾಸ ಸಾಹಿತ್ಯದ ಚರಿತ್ರೆ ಬರೆಯುವವರು ಈಚೆಗೆ ಎಗೇರಿಯಾಳಿಗೆ ಮಣೆ ಹಾಕದೆ ಮುಂದಕ್ಕೆ ಹೋಗುವುದಿಲ್ಲ. ನಾಲ್ಕನೇ ಶತಮಾನದ ಕೊನೆಯಲ್ಲಿ, ವಿದ್ವಾಂಸರು ಬಹುಮಟ್ಟಿಗೆ ಒಪ್ಪಿರುವಂತೆ 381ರಿಂದ 384ರ ನಡುವೆ, ಸಿನಾಯ್, ನೆಬೋ, ಯೆರೂಸಲೇಮ್, ಎಡೆಸ್ಸಾ, ಹಾರಾನ್‌ಗಳನ್ನೆಲ್ಲ ಸುತ್ತಿ, ತನ್ನ ಊರಿನ ಸೋದರಿಯರಿಗೆ ಲ್ಯಾಟಿನ್‌ನಲ್ಲಿ ಓಲೆ ಬರೆದವಳು ಈಕೆ. 1884ರಲ್ಲಿ ಇಟಲಿಯ ಅರೆಟ್ಸೊದಲ್ಲಿ ಗಮುರ್ರಿನಿ ಎಂಬ ವಿದ್ವಾಂಸನ ಕೈಗೆ ಸಿಕ್ಕ ಹಸ್ತಪ್ರತಿಗೆ ತಲೆಯೂ ಇಲ್ಲ, ಬಾಲವೂ ಇಲ್ಲ. ಉಳಿದಷ್ಟರ ಮೇಲೆ ಎಂಥ ಬಿರುದುಗಳು! ಮೊದಲ ಪ್ರವಾಸಿ ಲೇಖಕಿಯಂತೆ, ಕುತೂಹಲದ ಬುಗ್ಗೆಯಂತೆ, ನಾಲ್ಕನೇ ಶತಮಾನದ ದಿನನಿತ್ಯದ ಬದುಕಿಗೆ ಕನ್ನಡಿಯಂತೆ. ನನಗೆ ತಕರಾರಿರುವುದು ಕೊನೆಯ ಎರಡು ಬಿರುದುಗಳ ಮೇಲೆ.

ಕುತೂಹಲದ ಮಾತಿಗೆ ಆಧಾರ ಆಕೆಯದೇ ಒಂದು ಅರೆವಾಕ್ಯ. ತಾನು ಸ್ವಲ್ಪ ಹೆಚ್ಚೇ ಕುತೂಹಲದವಳು ಎಂದು ಒಂದು ಕಡೆ ಹೇಳಿಕೊಳ್ಳುತ್ತಾಳೆ. ಅದನ್ನು ಕಿತ್ತು ಮುನ್ನುಡಿಗಳಿಗೆಲ್ಲ ಅಂಟಿಸಿದ್ದಾಗಿದೆ. ಅದು ಬರುವ ಜಾಗವನ್ನು ನೋಡಬೇಕು. ಯೊರ್ದನ್ ಕಣಿವೆಯಲ್ಲಿ ಹೋಗುತ್ತಿರುವಾಗ ಪಕ್ಕದಲ್ಲೊಂದು ಚೆಲುವಾದ ಹಳ್ಳದ ಕಣಿವೆ, ಅಲ್ಲೊಬ್ಬ ಸನ್ಯಾಸಿಯ ಮಠ. ಇಲ್ಲಿ ಮಠ ಕಟ್ಟಿಕೊಂಡಿರುವುದಕ್ಕೆ ಏನೋ ಕಾರಣ ಇರಲೇಬೇಕು ಎಂದುಕೊಂಡು ಕೇಳುತ್ತಾಳೆ. ಜೊತೆಯವರು, ಅಹಾಬ ರಾಜನ ಕಾಲದಲ್ಲಿ ಪ್ರವಾದಿ ಎಲೀಯನು ಕೂತಿದ್ದ, ಕಾಗೆಗಳು ಆಹಾರ ತಂದುಕೊಟ್ಟ ಕೆರೀತ್ ಹಳ್ಳ ಇದೇ ಎನ್ನುತ್ತಾರೆ. ಅಲ್ಲಿಗೆ ತೃಪ್ತಿ. ಆ ಸನ್ಯಾಸಿ ಯಾರು, ಏನು ಉಣ್ಣುತ್ತಾನೆ, ಅಲ್ಲಿಗೆ ಹೇಗೆ ಬಂದ? ಕೇಳುವುದಿಲ್ಲ. ಉತ್ತರ ಬೈಬಲ್ ಗ್ರಂಥದಲ್ಲಿದೆ ಎಂಬ ನಂಬಿಕೆಯಿದ್ದರೆ ಮಾತ್ರ ಏಳುವ ಪ್ರಶ್ನೆ ಆಕೆಯದು. ಸ್ಥಳಪುರಾಣ ಕೇಳಿ ಬೆಳೆದ ನಮಗೆ ಈ ಗತ್ತು ಹೊಸದೇನಲ್ಲ. ಹೊಸದೆಂದು ಮೆಚ್ಚಬೇಕಾಗಿಯೂ ಇಲ್ಲ.

ಹಾರಾನ್ ಇನ್ನೂ ಒಳ್ಳೆಯ ಸಾಕ್ಷಿ. ಏಪ್ರಿಲ್ 23ರಂದು ಅಲ್ಲಿ ಹೆಲ್ಪಿಡಿಯಸ್ ಎಂಬ ಸಂತನ ಹಬ್ಬ, ಮೆಸೊಪೊಟೇಮಿಯಾದ ಸನ್ಯಾಸಿಗಳೆಲ್ಲ ಬಂದು ಸೇರುವ ದಿನ. ಅದೃಷ್ಟಕ್ಕೆ ಆ ಹೊತ್ತಿಗೇ ತಲುಪಿದ್ದಕ್ಕೆ ಆಕೆ ಹಿಗ್ಗುತ್ತಾಳೆ. ಅಬ್ರಹಾಮನ ಮನೆ ಇದ್ದ ಜಾಗ, ರೆಬೆಕ್ಕ ನೀರು ಸೇದಿದ ಬಾವಿ ನೋಡುತ್ತಾಳೆ. ಮುಂದಿನ ನಿಸಿಬಿಸ್ ಕಡೆಗೆ ರೋಮನ್ನರು ಕಾಲಿಡುವಂತಿಲ್ಲ, ಅದು ಪರ್ಷಿಯನ್ನರ ಕೈಯಲ್ಲಿದೆ ಎಂದು ಬಿಷಪ್ಪನಿಂದ ತಿಳಿಯುತ್ತಾಳೆ. (363ರಲ್ಲಿ ರೋಮನ್ ಚಕ್ರವರ್ತಿ ಜೂಲಿಯನ್ ಸತ್ತ ಮೇಲೆ ಬಿಟ್ಟುಕೊಟ್ಟ ಊರು ಅದು.) ಇನ್ನು ಹಾರಾನಿನ ಜನ? ಕೆಲವು ಪಾದ್ರಿಗಳು, ಸನ್ಯಾಸಿಗಳನ್ನು ಬಿಟ್ಟರೆ ಇಲ್ಲಿ ಕ್ರೈಸ್ತರೇ ಇಲ್ಲ, ಎಲ್ಲರೂ ಅನ್ಯಮತದವರು. ಹೆಚ್ಚುಕಡಿಮೆ ಅಷ್ಟೇ. ಚಂದ್ರದೇವತೆಯ ಆರಾಧನೆಗೆ ಸಾವಿರಾರು ವರ್ಷ ಹೆಸರಾಗಿದ್ದ ಪಟ್ಟಣವೊಂದು ಹೀಗೆ ಒಂದೆರಡು ಮಾತಿನಲ್ಲಿ ಮುಗಿದುಹೋಗುತ್ತದೆ. ಕನ್ನಡಿ ಎಂದವರು ಈ ಪುಟ ಓದಿದ್ದಾರೋ ಇಲ್ಲವೋ.

ನ್ಯಾಯಕ್ಕೆ ಒಂದು ಮಾತು ಹೇಳಬೇಕು. ಎಡೆಸ್ಸಾದಲ್ಲಿ, ಅಂದರೆ ಇಂದಿನ ಟರ್ಕಿಯ ಉರ್ಫಾದಲ್ಲಿ, ಅಬ್ಗರ್ ರಾಜನ ಅರಮನೆಯ ಕೊಳದ ಮೀನುಗಳು ಆಕೆಯ ಕಣ್ಣಿಗೆ ಬಿದ್ದಿವೆ. ಎಷ್ಟು ದೊಡ್ಡವು, ಎಷ್ಟು ಹೊಳೆಯುವಂಥವು, ಎಷ್ಟು ರುಚಿ! ಆ ರುಚಿಯ ಮಾತು ನೋಡಿ. ಇಂದಿಗೂ ಉರ್ಫಾದ ಕೊಳದಲ್ಲಿ ಮೀನುಗಳಿವೆ, ಆದರೆ ಅವು ದೇವರ ಮೀನು, ಯಾರೂ ತಿನ್ನುವುದಿಲ್ಲ. ಇಂಥವು ಓಲೆಯಲ್ಲಿ ಬೆರಳೆಣಿಕೆಯಷ್ಟು. ಯೆರೂಸಲೇಮಿನಲ್ಲಿ ದೀಪ ಹಚ್ಚುವ ಹೊತ್ತಿನ ಪ್ರಾರ್ಥನೆಗೆ ಓಗೊಡುವ ಪುಟ್ಟ ಹುಡುಗರ ಗುಂಪೂ ಅವುಗಳಲ್ಲೊಂದು.

ಆಕೆಯ ಶೈಲಿಯ ಬಗ್ಗೆ ನಡೆದಿರುವ ಜಗಳವನ್ನೂ ಇಲ್ಲೇ ಮುಗಿಸುತ್ತೇನೆ. ಲೋಫ್‌ಸ್ಟೆಡ್ 1911ರಲ್ಲಿ ಬರೆದ ಭಾಷಾ ವ್ಯಾಖ್ಯಾನ ದೊಡ್ಡ ಕೆಲಸ. ಅದರ ಬೆನ್ನಿಗೆ ಬಂದವರಿಗೆ ಮಾತ್ರ ಓಲೆ ಎಂದರೆ ಆಡುಮಾತಿನ ಲ್ಯಾಟಿನ್ನಿನ ಗಣಿಯಾಯಿತು. ವಿಭಕ್ತಿ ಎಲ್ಲಿ ಸವೆದಿದೆ ಎಂದು ಅಗೆದರೇ ಹೊರತು ವಾಕ್ಯ ಏನು ಹೇಳುತ್ತಿದೆ ಎಂದು ನಿಂತು ಕೇಳಲಿಲ್ಲ. ಅದಕ್ಕೆ ಎದುರಾಗಿ 1949ರಲ್ಲಿ ಲಿಯೊ ಸ್ಪಿಟ್ಸರ್ ಬಂದು, ಆಕೆಯದು ಮಹಾಕಾವ್ಯದ ಶೈಲಿ ಎಂದ. ಸ್ಪಿಟ್ಸರ್ ದೊಡ್ಡ ಓದುಗ, ನಿಜ. ಆದರೆ ದೊಡ್ಡ ಓದುಗರಿಗೆ ಒಂದು ಚಟ, ಬೇಸರ ಹುಟ್ಟಿಸುವುದರಲ್ಲೂ ಘನತೆ ಕಾಣುವುದು. ಹೋದ ಕಡೆಯೆಲ್ಲ ಮೊದಲು ಪ್ರಾರ್ಥನೆ, ಆಮೇಲೆ ಆ ಜಾಗದ ಗ್ರಂಥಭಾಗ ಓದುವುದು, ಒಂದು ಕೀರ್ತನೆ, ಮತ್ತೆ ಪ್ರಾರ್ಥನೆ. ಇದು ತಮ್ಮ ಪದ್ಧತಿ ಎಂದು ಆಕೆಯೇ ಹೇಳುತ್ತಾಳೆ. ಗದ್ಯವೂ ಅದೇ ಲಯ ಹಿಡಿದಿದೆ, ಒಪ್ಪೋಣ. ಆದರೆ ಮಹಾಕಾವ್ಯದಲ್ಲಿ ಮರಳಿ ಬರುವ ಮಾತು ಪ್ರತಿಸಲ ಬೇರೆ ಭಾರ ಹೊತ್ತು ಬರುತ್ತದೆ. ಎಗೇರಿಯಾಳ ಪುನರುಕ್ತಿ ಕಿರಾಣಿ ಅಂಗಡಿಯ ಲೆಕ್ಕದ ಪುಸ್ತಕದಂತೆ: ಜಾಗ, ವಚನ, ಟಿಕ್ಕು.

ಆ ಲೆಕ್ಕ ಒಂದು ಕಡೆ ತಾಳೆಯಾಗುವುದಿಲ್ಲ. ಆಕೆ ಲೇಖಕಿ ಎನಿಸುವುದು ಅಲ್ಲಿ.

ನೆಬೋ ಬೆಟ್ಟದ ಮೇಲೆ, ಚರ್ಚಿನ ಬಾಗಿಲಲ್ಲಿ ನಿಂತು ಕೆಳಗೆ ನೋಡುತ್ತಿದ್ದಾಳೆ. ಯೊರ್ದನ್ ಮೃತಸಮುದ್ರ ಸೇರುವ ಜಾಗ, ಎಡಗಡೆ ಸೊದೋಮಿನವರ ಸೀಮೆ, ಚೋಗರ್. ಲೋಟನ ಹೆಂಡತಿ ಉಪ್ಪಿನ ಕಂಬವಾದ ಜಾಗವನ್ನೂ ತೋರಿಸುತ್ತಾರೆ. ಅಷ್ಟರಲ್ಲಿ ವಿವರಣೆ ನಿಂತುಬಿಡುತ್ತದೆ. ಆಕೆ ನೇರವಾಗಿ ಸೋದರಿಯರ ಕಡೆ ತಿರುಗಿ, ನಂಬಿ, ಕಂಬ ಮಾತ್ರ ಕಾಣುವುದಿಲ್ಲ, ಬರೀ ಜಾಗ ತೋರಿಸುತ್ತಾರೆ ಎನ್ನುತ್ತಾಳೆ. ಸಮುದ್ರ ಮುಳುಗಿಸಿತು ಎನ್ನುತ್ತಾರಂತೆ. ನಾವು ನೋಡಿದಾಗಲಂತೂ ಇರಲಿಲ್ಲ, ಈ ವಿಷಯದಲ್ಲಿ ನಿಮಗೆ ಸುಳ್ಳು ಹೇಳಲಾರೆ. ಅಷ್ಟಕ್ಕೂ ಬಿಡದೆ ಚೋಗರಿನ ಬಿಷಪ್ಪನನ್ನು ಸಾಕ್ಷಿಗೆ ಕರೆಯುತ್ತಾಳೆ: ಕಂಬ ಕಾಣದೆ ಕೆಲವು ವರ್ಷಗಳೇ ಆದವು ಎಂದು ಆತನೇ ಹೇಳಿದ. ಕೊನೆಗೆ ಅಳತೆ: ಕಂಬ ನಿಂತಿದ್ದ ಜಾಗ ಚೋಗರಿನಿಂದ ಸುಮಾರು ಆರು ಮೈಲಿ.

ಇಲ್ಲದ ವಸ್ತುವಿಗೆ ಇಷ್ಟೊಂದು ಪುರಾವೆ ಏಕೆ? ಸಿನಾಯ್‌ನಲ್ಲಿ ಉರಿದ ಪೊದೆ ಇದೇ ಎಂದಾಗ ಆಕೆಗೆ ಬಿಷಪ್ಪನ ಸಾಕ್ಷಿ ಬೇಕಾಗಿರಲಿಲ್ಲ. ಇದ್ದದ್ದಕ್ಕೆ ಗ್ರಂಥವೇ ಸಾಕ್ಷಿ. ಇಲ್ಲದ್ದಕ್ಕೆ ತಾನೇ ಸಾಕ್ಷಿಯಾಗಬೇಕು. ಊರಿನಲ್ಲಿ ಆ ಸೋದರಿಯರು ಕಂಬದ ಸುದ್ದಿಗೇ ಕಾದಿದ್ದಾರೆಂಬುದು ಆಕೆಗೆ ಗೊತ್ತು. ಗ್ರಂಥದ ಹಿಂದೆ ನಡೆದುಬಂದ ದನಿ ಮೊದಲ ಸಲ ತನ್ನ ಕಣ್ಣನ್ನು ಮುಂದೆ ಮಾಡುತ್ತದೆ, ಸ್ವಲ್ಪ ಮುಜುಗರದಿಂದ, ಮಾತು ಮುಗಿಸಲಾಗದೆ. ಈ ತಡವರಿಕೆ ಮಹಾಕಾವ್ಯದ್ದಲ್ಲ. ವ್ಯಾಕರಣದ ಗಣಿಗಾರರಿಗೆ ಇದರಿಂದ ಏನೂ ದಕ್ಕುವುದೂ ಇಲ್ಲ.

ಇದರ ಬೆಲೆ ತಿಳಿಯಲು ಹಿಂದುಮುಂದಿನವರನ್ನು ನೋಡಬೇಕು. ಮೊದಲನೇ ಶತಮಾನದ ಜೊಸೀಫಸ್ ಆ ಕಂಬವನ್ನು ತಾನು ಕಂಡಿದ್ದೇನೆ ಎಂದು ಬರೆದ. ಸುಮಾರು 570ರಲ್ಲಿ ಬಂದ ಪಿಯಾಚೆಂಜಾದ ಯಾತ್ರಿಕ, ಪ್ರಾಣಿಗಳು ನೆಕ್ಕಿ ಕಂಬ ಸವೆದಿದೆ ಎಂಬುದು ಸುಳ್ಳು, ಅದು ಇದ್ದ ಹಾಗೇ ಇದೆ ಎಂದು ಬರೆದ. ಇವರಿಬ್ಬರ ನಡುವೆ ಬಂದವಳಿಗೆ ಮಾತ್ರ ಕಾಣಲಿಲ್ಲ.

ಹಾಗೆಂದು ಇದೇ ಕಣ್ಣಿನಿಂದ ಆಕೆ ಮುಂದೆಲ್ಲ ನೋಡಿದಳು ಎಂದುಕೊಳ್ಳಬೇಡಿ. ಮರುಗಳಿಗೆಗೆ ಬಲಕ್ಕೆ ತಿರುಗುತ್ತಾಳೆ. ಅಲ್ಲಿ ಸೀಹೋನ ಅರಸನ ಹೆಷ್ಬೋನ್, ಓಗನ ಪಟ್ಟಣ, ಎಲ್ಲವೂ ವಚನದ ಪ್ರಕಾರ ಇರಬೇಕಾದಲ್ಲೇ ಇವೆ.