ಆಕ್ಸೆಂಟು ಕಳೆದದ್ದು ಯಾವ ಪುಟದಲ್ಲಿ?

ಡೊಮಿನಿಕನ್ ಗಣರಾಜ್ಯದಿಂದ ಅಮೆರಿಕಕ್ಕೆ ಬಂದ ಕುಟುಂಬದ ಲೇಖಕಿ ಹೂಲಿಯಾ ಆಲ್ವಾರೆಸ್ ಅವರ ಮೊದಲ ಕಾದಂಬರಿ ಪ್ರಕಟವಾದದ್ದು 1991ರಲ್ಲಿ. ಅದರ ಹೆಸರು 'ಹೌ ದ ಗಾರ್ಸಿಯಾ ಗರ್ಲ್ಸ್ ಲಾಸ್ಟ್ ದೇರ್ ಆಕ್ಸೆಂಟ್ಸ್'. ಗಾರ್ಸಿಯಾ ಮನೆಯ ನಾಲ್ವರು ಹೆಣ್ಣುಮಕ್ಕಳು ತಮ್ಮ ಸ್ಪ್ಯಾನಿಷ್ ಆಕ್ಸೆಂಟನ್ನು ಹೇಗೆ ಕಳೆದುಕೊಂಡರು ಎಂಬುದನ್ನು ಹೇಳುತ್ತೇನೆಂದು ಹೆಸರೇ ಮಾತು ಕೊಡುತ್ತದೆ. ಪುಸ್ತಕ ಓದಿ ಮುಗಿಸಿದ ಮೇಲೆ ನಾನು ಆ ಪುಟಕ್ಕಾಗಿ ಹುಡುಕಿದೆ. ಅದು ಇಲ್ಲ. ಕತೆ ಹಿಂದಕ್ಕೆ ಚಲಿಸುತ್ತದೆ. ಮೊದಲಲ್ಲಿ ಸಿಗುವವರು ಸಲೀಸಾಗಿ ಇಂಗ್ಲಿಷ್ ಆಡುವ ದೊಡ್ಡ ಹೆಂಗಸರು, ಕೊನೆಯಲ್ಲಿ ಸಿಗುವವರು ದ್ವೀಪದ ಮನೆಯಂಗಳದ ಮಕ್ಕಳು. ನಡುವೆ ನ್ಯೂಯಾರ್ಕಿನ ವರ್ಷಗಳಿವೆ. ಆದರೆ ತಪ್ಪಿನಿಂದ ಒಪ್ಪಿಗೆ ದಾಟಿದ ಆ ಗಳಿಗೆಯನ್ನು, ಕನ್ನಡಿಯ ಮುಂದೆ ನಿಂತು ನಾಲಿಗೆ ತಿದ್ದಿಕೊಂಡ ಸಂಜೆಗಳನ್ನು ಕಾದಂಬರಿ ತೋರಿಸುವುದೇ ಇಲ್ಲ.

ಇದು ಆಲ್ವಾರೆಸ್ ಒಬ್ಬರ ಮಾತಲ್ಲ. ಸ್ಪ್ಯಾನಿಷ್ ಮನೆಮಾತಿನವರು ಇಂಗ್ಲಿಷ್ ಕಲಿತದ್ದನ್ನು ಕುರಿತ ಒಳ್ಳೆಯ ಪುಸ್ತಕಗಳಲ್ಲಿ ಎರಡು ಬಗೆಯ ದೃಶ್ಯಗಳು ಧಾರಾಳ. ಒಂದು, ಭಾಷೆ ಏನೂ ಬಾರದ ಮೊದಲ ದಿನಗಳು. ಸಾಂಡ್ರಾ ಸಿಸ್ನೆರೋಸ್ ಅವರ 'ದ ಹೌಸ್ ಆನ್ ಮ್ಯಾಂಗೋ ಸ್ಟ್ರೀಟ್' (1984) ನೆನಪಿಸಿಕೊಳ್ಳಿ. ಅಲ್ಲಿ ಕಥಾನಾಯಕಿಯ ಅಪ್ಪ ಅಮೆರಿಕಕ್ಕೆ ಬಂದ ಹೊಸದರಲ್ಲಿ ಮೂರು ತಿಂಗಳು ಹ್ಯಾಮ್ ಮತ್ತು ಮೊಟ್ಟೆಯನ್ನೇ ತಿನ್ನುತ್ತಾನೆ. ಅವನಿಗೆ ಕೇಳಲು ಬರುತ್ತಿದ್ದ ತಿಂಡಿ ಅದೊಂದೇ. ಇನ್ನೊಂದು ಬಗೆ, ಎಲ್ಲವೂ ಮುಗಿದು ಲೇಖಕರಾದ ಮೇಲೆ ಹಿಂದಿರುಗಿ ನೋಡುವುದು. ಇವೆರಡರ ನಡುವೆ ಇರುವ ಉದ್ದನೆಯ ಕಾಲಕ್ಕೆ ಸಾಹಿತ್ಯದಲ್ಲಿ ಜಾಗ ಕಡಿಮೆ. ನನ್ನ ವಾದ ಇಷ್ಟು: ಆ ನಡುಗಾಲದಲ್ಲೇ ಭಾಷೆ ಕಲಿಯುವವರ ನಿಜವಾದ ಸಂಕಟವಿದೆ, ಮತ್ತು ಈ ಪುಸ್ತಕಗಳು ಅದನ್ನು ನೇರವಾಗಿ ಹೇಳದೆಯೂ ಎಲ್ಲೆಲ್ಲಿ ಮುಟ್ಟುತ್ತವೆಯೋ ಅಲ್ಲೇ ಅವುಗಳ ಅತ್ಯುತ್ತಮ ಪುಟಗಳಿವೆ.

ಈ ನಡುಗಾಲಕ್ಕೆ ಭಾಷಾ ಶಿಕ್ಷಕರು ಕೊಟ್ಟಿರುವ ಹೆಸರು 'ಅಪ್ಪರ್ ಇಂಟರ್‌ಮೀಡಿಯೆಟ್'. ಯುರೋಪ್ ಕೌನ್ಸಿಲ್ 2001ರಲ್ಲಿ ಪ್ರಕಟಿಸಿದ ಆರು ಮೆಟ್ಟಿಲುಗಳ ಅಳತೆಗೋಲಿನಲ್ಲಿ ಇದು ನಾಲ್ಕನೆಯದು, ಬಿ2. ಈ ಮೆಟ್ಟಿಲಲ್ಲಿ ನಿಂತವರು ಪತ್ರಿಕೆ ಓದುತ್ತಾರೆ, ವಾದ ಮಾಡುತ್ತಾರೆ, ಕೆಲಸದ ಸಂದರ್ಶನಕ್ಕೆ ಹೋಗುತ್ತಾರೆ. ಅವರು ಹೇಳಿದ್ದು ಎದುರಿನವರಿಗೆ ತಿಳಿಯುತ್ತದೆ. ಆದರೂ ತಿದ್ದುವುದು ನಿಲ್ಲುವುದಿಲ್ಲ. ಆರಂಭದಲ್ಲಿ ತಿದ್ದುತ್ತಿದ್ದದ್ದು ಅರ್ಥವಾಗಲಿ ಎಂದು. ಈಗ ತಿದ್ದುವುದು ಯಾಕೆ? ಆ 2001ರ ಅಳತೆಗೋಲಿನ ಉಚ್ಚಾರಣೆಯ ಪಟ್ಟಿ ನೋಡಿದರೆ ಉತ್ತರ ಸಿಗುತ್ತದೆ. ಮೂರನೆಯ ಮೆಟ್ಟಿಲಿನವರಿಗೆ ಪರಭಾಷೆಯ ಧಾಟಿ ಆಗೀಗ ಕಾಣಿಸಿಕೊಂಡರೂ ಸರಿ ಎಂಬ ವಿನಾಯಿತಿ ಇತ್ತು. ನಾಲ್ಕನೆಯದಕ್ಕೆ ಬಂದರೆ ಆ ವಿನಾಯಿತಿಯ ಸುದ್ದಿಯೇ ಇಲ್ಲ. ಉಚ್ಚಾರಣೆ ಸ್ಪಷ್ಟವಾಗಿ, ಸಹಜವಾಗಿ ಇರಬೇಕು. ಅಂದರೆ ಆಕ್ಸೆಂಟು ಎರಡು ಮೆಟ್ಟಿಲುಗಳ ನಡುವೆ ಎಲ್ಲೋ ಉದುರಿಹೋಗಿರಬೇಕು. ಆಲ್ವಾರೆಸ್ ಕಾದಂಬರಿಯಲ್ಲಿ ನಾನು ಹುಡುಕಿದ ಪುಟ ಈ ಪಟ್ಟಿಯಲ್ಲೂ ಇರಲಿಲ್ಲ.

ಹಾಗೆ ಉದುರಬೇಕಾದದ್ದು ಏನು ಎಂದು ಕನ್ನಡದ ಓದುಗರಿಗೆ ವಿವರಿಸುವುದು ಸುಲಭ. ಸ್ಪ್ಯಾನಿಷ್‌ನಲ್ಲಿ ಸ್ಕ, ಸ್ಟ, ಸ್ಪ ಮುಂತಾದ ಒತ್ತಕ್ಷರಗಳಿಂದ ಯಾವ ಪದವೂ ಶುರುವಾಗುವುದಿಲ್ಲ, ಮುಂದೆ 'ಎ' ಇರಲೇಬೇಕು. ಹಾಗಾಗಿ ಅವರ ಬಾಯಲ್ಲಿ ಸ್ಕೂಲ್ 'ಎಸ್ಕೂಲ್' ಆಗುತ್ತದೆ. ನಮ್ಮ ಹಳ್ಳಿಯ 'ಇಸ್ಕೂಲು' ಹುಟ್ಟಿದ್ದು ಇದೇ ದಾರಿಯಲ್ಲಿ. ಸ್ಪ್ಯಾನಿಷ್‌ನಲ್ಲಿ ಸ್ವರಗಳು ಐದೇ, ಹ್ರಸ್ವ-ದೀರ್ಘದ ಭೇದವಿಲ್ಲ. ಕಾಗುಣಿತ ಕಲಿತ ನಮ್ಮ ಮಗುವಿಗೆ 'ಶಿಪ್' ಮತ್ತು 'ಶೀಪ್' ಬೇರೆ ಬೇರೆ ಎಂದು ತಿಳಿಯಲು ಕಷ್ಟವಿಲ್ಲ. ಸ್ಪ್ಯಾನಿಷ್ ಕಿವಿಗೆ ಹಡಗೂ ಕುರಿಯೂ ಒಂದೇ. ನಮಗೆ 'ವ' ಒಂದೇ ಇರುವುದರಿಂದ ಇಂಗ್ಲಿಷಿನ ಎರಡು ಬಗೆಯ ವಕಾರ ಕಲಸಿಹೋಗುತ್ತವೆ. ಅವರಿಗೆ ಕಲಸುವುದು ವಕಾರ ಮತ್ತು ಬಕಾರ.

ವ್ಯಾಕರಣವೂ ಹಾಗೆಯೇ. 'ಆಬ್ಲೊ' ಎಂದರೆ ಸಾಕು, ನಾನು ಮಾತಾಡುತ್ತೇನೆ ಎಂದಾಯಿತು. ನಮ್ಮ 'ಮಾತಾಡುತ್ತೇನೆ' ಥರ ಕ್ರಿಯಾಪದದ ಬಾಲವೇ ಕರ್ತೃವನ್ನು ಹೇಳಿಬಿಡುತ್ತದೆ. ಆದ್ದರಿಂದಲೇ ಅವರ ಇಂಗ್ಲಿಷಿನಲ್ಲಿ 'ಇಟ್' ಬಿಟ್ಟುಹೋಗಿ 'ಈಸ್ ರೈನಿಂಗ್' ಆಗುತ್ತದೆ. ಅವರ ಭಾಷೆಯಲ್ಲಿ ವಯಸ್ಸನ್ನು 'ಹೊಂದಿರುತ್ತಾರೆ', ಹಾಗಾಗಿ 'ಐ ಹ್ಯಾವ್ ಟ್ವೆಂಟಿ ಇಯರ್ಸ್'. ಒಂದು ವಿಚಿತ್ರವಿದೆ. ವರ್ತಮಾನ ಕಾಲದಲ್ಲಿ ಕ್ರಿಯಾಪದಕ್ಕೆ ಆರು ಬಗೆಯ ರೂಪ ಇಟ್ಟುಕೊಂಡ ಭಾಷೆಯವರು, ಇಂಗ್ಲಿಷಿನಲ್ಲಿ ಉಳಿದಿರುವ ಒಂದೇ ಒಂದು 'ಎಸ್' ಅನ್ನು ಮರೆಯುತ್ತಾರೆ: 'ಶಿ ವರ್ಕ್'. ಪರೀಕ್ಷಕರು ಇದನ್ನು ವ್ಯಾಕರಣದ ತಪ್ಪೆಂದು ಬರೆದುಕೊಳ್ಳುತ್ತಾರೆ. ಆದರೆ ಪೋರ್ಟೊ ರಿಕೊ, ಡೊಮಿನಿಕನ್ ಗಣರಾಜ್ಯಗಳಂಥ ಕೆರಿಬಿಯನ್ ನೆಲದ ಸ್ಪ್ಯಾನಿಷ್‌ನಲ್ಲಿ ಪದದ ಕೊನೆಯ ಸಕಾರ ಉಸಿರಾಗಿ ತೇಲಿಹೋಗುವುದು ರೂಢಿ. ಕೈಬಿಟ್ಟದ್ದು ನಿಯಮವನ್ನೋ, ಬರೀ ಸಕಾರವನ್ನೋ? 'ವಾಕ್ಡ್' ಎಂಬಲ್ಲಿ ಕೊನೆಯ ವ್ಯಂಜನಗಳ ಗಂಟು ಬಿಡಿಸಲಾಗದೆ 'ವಾಕ್' ಎಂದವರಿಗೆ ಭೂತಕಾಲ ಗೊತ್ತಿಲ್ಲವೆಂದು ಹೇಳಲಾದೀತೇ? ಈ ಹಂತದಲ್ಲಿ ಉಚ್ಚಾರಣೆಯ ಅಭ್ಯಾಸ, ವ್ಯಾಕರಣದ ಅಭ್ಯಾಸ ಎಂದು ಎರಡು ಪುಸ್ತಕ ಇಡುವುದೇ ಕಷ್ಟ.

ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಎಸ್ಮೆರಾಲ್ಡಾ ಸಾಂಟಿಯಾಗೊ ಅವರ ಆತ್ಮಕಥನ 'ವೆನ್ ಐ ವಾಸ್ ಪೋರ್ಟೊ ರಿಕನ್' (1993) ಓದಬೇಕು. ಅದರಲ್ಲಿ ಎರಡು ದೃಶ್ಯಗಳಿವೆ. ಬ್ರೂಕ್ಲಿನ್‌ಗೆ ಆಗ ತಾನೇ ಬಂದ ಹುಡುಗಿಯನ್ನು ಶಾಲೆಯ ಮುಖ್ಯಸ್ಥ ಇಂಗ್ಲಿಷ್ ಬಾರದು ಎಂಬ ಕಾರಣಕ್ಕೆ ಏಳನೆಯ ತರಗತಿಗೆ ಇಳಿಸಲು ನೋಡುತ್ತಾನೆ. ಅವಳು ಅವನೊಂದಿಗೆ ಜಗಳಕ್ಕೆ ನಿಲ್ಲುತ್ತಾಳೆ, ಮುರುಕು ಇಂಗ್ಲಿಷಿನಲ್ಲೇ. ನಾನು ಜಾಣೆ, ಸ್ವಲ್ಪ ಕಾಲ ಕೊಡಿ, ಕಲಿಯದಿದ್ದರೆ ಆಗ ಇಳಿಸಿ ಎಂದು ಚೌಕಾಸಿ ಮಾಡುತ್ತಾಳೆ. ಒಂದು ವಾಕ್ಯವೂ ನೆಟ್ಟಗಿಲ್ಲ, ಒಂದು ಉಚ್ಚಾರಣೆಯೂ ಸರಿಯಿಲ್ಲ. ಗೆದ್ದು ಬರುತ್ತಾಳೆ.

ಎರಡನೆಯ ದೃಶ್ಯ ಪುಸ್ತಕದ ಕೊನೆಯ ಭಾಗದ್ದು. ನ್ಯೂಯಾರ್ಕಿನ ಪರ್ಫಾರ್ಮಿಂಗ್ ಆರ್ಟ್ಸ್ ಪ್ರೌಢಶಾಲೆಗೆ ಸೇರಲು ಅವಳು ನಟನೆಯ ಪರೀಕ್ಷೆಗೆ ಹೋಗುತ್ತಾಳೆ. ಸಿಡ್ನಿ ಹೊವಾರ್ಡ್‌ನ ನಾಟಕವೊಂದರ ಸ್ವಗತವನ್ನು ಶಿಕ್ಷಕರ ನೆರವಿನಿಂದ ಪದಪದವೂ ಉರು ಹೊಡೆದಿದ್ದಾಳೆ. ಮಗನನ್ನು ಬಿಟ್ಟುಕೊಡಲೊಲ್ಲದ ಅತ್ತೆಗೆ ಸೊಸೆಯೊಬ್ಬಳು ಎದುರು ನಿಂತು ಆಡುವ ಮಾತು ಅದು. ಆಡುತ್ತಿರುವವಳು ಹದಿಹರೆಯದ ಹುಡುಗಿ. ಹೆದರಿಕೆಯಲ್ಲಿ ಒಂದೇ ಉಸಿರಿಗೆ ಒಪ್ಪಿಸಿಬಿಡುತ್ತಾಳೆ. ಎಷ್ಟೋ ವರ್ಷಗಳ ಮೇಲೆ ಅವಳಿಗೆ ಅದೇ ಶಾಲೆಯ ಶಿಕ್ಷಕಿಯೊಬ್ಬರಿಂದ ತಿಳಿಯುತ್ತದೆ, ಅವಳನ್ನು ಅಂದು ಹೊರಗೆ ಕಳಿಸಿದ್ದು ನಗು ತಡೆಯಲಾಗದೆ ಎಂದು.

ಇವೆರಡನ್ನೂ ಪಕ್ಕಪಕ್ಕ ಇಟ್ಟರೆ ಸಾಂಟಿಯಾಗೊ ಎಷ್ಟು ಗಟ್ಟಿ ಲೇಖಕಿ ಎಂದು ತಿಳಿಯುತ್ತದೆ. ತಪ್ಪುಗಳೇ ತುಂಬಿದ ಸ್ವಂತ ಇಂಗ್ಲಿಷ್ ಎದುರಿನವನಿಗೆ ಪೂರಾ ಅರ್ಥವಾಯಿತು. ತಪ್ಪೇ ಇಲ್ಲದ ಎರವಲು ಇಂಗ್ಲಿಷ್ ಯಾರಿಗೂ ಅರ್ಥವಾಗಲಿಲ್ಲ. ಆದರೂ ಹುಡುಗಿಯನ್ನು ಮುಂದಕ್ಕೆ ಕೊಂಡೊಯ್ದದ್ದು ಎರಡನೆಯದು. ಆ ಶಾಲೆ, ಆಮೇಲೆ ಹಾರ್ವರ್ಡ್. ಸಾಂಟಿಯಾಗೊ ಇದಕ್ಕೆ ನೀತಿಪಾಠ ಅಂಟಿಸುವುದಿಲ್ಲ. ಆದರೆ ಪರೀಕ್ಷೆಯಿಂದ ಹಾರ್ವರ್ಡಿಗೆ ಪುಸ್ತಕ ಒಂದೇ ನೆಗೆತಕ್ಕೆ ಹಾರುತ್ತದೆ ಎಂಬುದು ನನ್ನ ತಕರಾರು. ಬಿಟ್ಟ ವರ್ಷಗಳಿಗಾಗಿ ಅವರು 1998ರಲ್ಲಿ 'ಆಲ್ಮೋಸ್ಟ್ ಎ ವುಮನ್' ಎಂಬ ಬೇರೆ ಪುಸ್ತಕವನ್ನೇ ಬರೆಯಬೇಕಾಯಿತು.

ಆಲ್ವಾರೆಸ್ ಕಾದಂಬರಿಗೆ ಮರಳುತ್ತೇನೆ. ಆಕ್ಸೆಂಟು ಕಳೆದ ಪುಟ ಇಲ್ಲವೆಂದೆ. ಆದರೆ ಅದಕ್ಕೆ ಹತ್ತಿರದ ಒಂದು ಅಧ್ಯಾಯವಿದೆ, 'ಡಾಟರ್ ಆಫ್ ಇನ್ವೆನ್ಷನ್'. ಅಮ್ಮ ಲೌರಾಳ ಇಂಗ್ಲಿಷ್ ನಡುಮೆಟ್ಟಿಲಿನದು. ಎರಡು ಗಾದೆಗಳನ್ನು ತಲೆ ಒಂದರದ್ದು, ಬಾಲ ಇನ್ನೊಂದರದ್ದು ಮಾಡಿ ಜೋಡಿಸುತ್ತಾಳೆ. ರಾತ್ರಿ ಹೊತ್ತು ಹಾಸಿಗೆಯಲ್ಲಿ ಕೂತು ಹೊಸ ಹೊಸ ಸಾಧನಗಳ ಚಿತ್ರ ಬರೆಯುತ್ತಾಳೆ. ಮಗಳು ಯೋಲಾಂಡಾ ಶಾಲೆಯಲ್ಲಿ ಮಾಡಬೇಕಾದ ಭಾಷಣವನ್ನು ವಾಲ್ಟ್ ವಿಟ್ಮನ್‌ನ ಪ್ರೇರಣೆಯಲ್ಲಿ ತನ್ನದೇ ದನಿಯಲ್ಲಿ ಬರೆಯುತ್ತಾಳೆ. ತ್ರುಹಿಯೊನ ಸರ್ವಾಧಿಕಾರಕ್ಕೆ ಹೆದರಿ ಓಡಿಬಂದ ಅಪ್ಪನಿಗೆ ಅದು ಗುರುದ್ರೋಹವಾಗಿ ಕಂಡು, ಹರಿದು ಹಾಕುತ್ತಾನೆ. ತಾಯಿ-ಮಗಳು ಕೂತು ಇನ್ನೊಂದು ಭಾಷಣ ಹೊಸೆಯುತ್ತಾರೆ: ಸವೆದ ಹೊಗಳಿಕೆ, ಎಲ್ಲರೂ ಆಡುವ ಸಭ್ಯ ಮಾತು. ಶಾಲೆಯಲ್ಲಿ ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟುತ್ತಾರೆ.

ಮೇಲುಮಧ್ಯಮ ಹಂತದ ಇಂಗ್ಲಿಷ್ ಬಗ್ಗೆ ನಾನು ಓದಿದ ಅತ್ಯಂತ ನಿಷ್ಠುರ ಪುಟಗಳಿವು. ಲೌರಾಳ ಕಲಸಿದ ಗಾದೆಗಳಲ್ಲಿ ಜೀವವಿದೆ, ಓದುಗ ನಗುತ್ತಲೇ ಅವಳ ಜಾಣತನಕ್ಕೆ ತಲೆದೂಗುತ್ತಾನೆ. ಟಿ.ಪಿ. ಕೈಲಾಸಂ ನಾಟಕಗಳಲ್ಲಿ ಕನ್ನಡ-ಇಂಗ್ಲಿಷ್ ಬೆರೆತ ಮಾತಿಗೆ ನಕ್ಕ ನಮಗೆ ಆ ನಗುವಿನ ರುಚಿ ಗೊತ್ತು. ಚಪ್ಪಾಳೆ ಬಿದ್ದದ್ದು ಮಾತ್ರ ಯಾರದೂ ಅಲ್ಲದ ಇಂಗ್ಲಿಷಿಗೆ. ಗಾರ್ಸಿಯಾ ಹುಡುಗಿ ಆಕ್ಸೆಂಟನ್ನು ಕಳೆದುಕೊಂಡದ್ದು ಇಲ್ಲೇ ಇರಬಹುದು. ಅದಕ್ಕೆ ನಾಲಿಗೆ ಹೊರಳುವ ಅಗತ್ಯವೂ ಬೀಳಲಿಲ್ಲ, ಕಾಗದದ ಮೇಲೇ ಆಗಿಹೋಯಿತು.

ಇದಕ್ಕೆ ಎದುರು ವಾದವೂ ಇದೆ, ಮತ್ತು ಅದು ಹಗುರವಾದದ್ದಲ್ಲ. ಮೆಕ್ಸಿಕನ್ ವಲಸಿಗರ ಮಗ ರಿಚರ್ಡ್ ರೋಡ್ರಿಗೆಸ್ 'ಹಂಗರ್ ಆಫ್ ಮೆಮೊರಿ'ಯಲ್ಲಿ (1982) ಸ್ಯಾಕ್ರಮೆಂಟೊದ ತನ್ನ ಬಾಲ್ಯ ಬರೆಯುತ್ತಾರೆ. ಶಾಲೆಯ ಸನ್ಯಾಸಿನಿಯರು ಮನೆಗೆ ಬಂದು, ಮಕ್ಕಳೊಡನೆ ಇಂಗ್ಲಿಷ್ ಆಡಿ ಎಂದರು. ಅಪ್ಪ-ಅಮ್ಮ ಒಪ್ಪಿದರು. ಮನೆಯೊಳಗೆ ಮೌನ ಬೆಳೆಯಿತು, ಹುಡುಗನಿಗೆ ಹೊರಗಿನ ಲೋಕ ಸಿಕ್ಕಿತು. ಆ ನಷ್ಟ ಅಗತ್ಯವಾಗಿತ್ತು ಎಂದು ಅವರು ನಂಬುತ್ತಾರೆ, ದ್ವಿಭಾಷಾ ಶಿಕ್ಷಣವನ್ನು ವಿರೋಧಿಸುತ್ತಾರೆ. ಸಾರ್ವಜನಿಕ ಭಾಷೆಯಲ್ಲಿ ಹಕ್ಕಿನಿಂದ ಮಾತಾಡಲು ಬಡವರ ಮಕ್ಕಳಿಗೆ ಅದು ಚೆನ್ನಾಗಿಯೇ ಬರಬೇಕು ಎಂಬ ಅವರ ಮಾತನ್ನು ತಳ್ಳಿಹಾಕಲು ನಾನು ಸಿದ್ಧನಿಲ್ಲ. ಆಲ್ವಾರೆಸ್ ಕಾದಂಬರಿಯಲ್ಲೇ ಹಿರಿಯ ಹುಡುಗಿ ಕಾರ್ಲಾಳಿಗೆ ದಾರಿಯಲ್ಲಿ ಒಬ್ಬ ಗಂಡಸು ಅಸಭ್ಯವಾಗಿ ಕಾಣಿಸಿಕೊಂಡಾಗ, ನಡೆದದ್ದನ್ನು ಪೊಲೀಸರಿಗೆ ಹೇಳಲು ಅವಳಿಗೆ ಇಂಗ್ಲಿಷ್ ಪದಗಳು ಸಿಗುವುದಿಲ್ಲ. ಭಾಷೆ ಸಾಲದಿದ್ದರೆ ನ್ಯಾಯವೂ ಸಿಗದು.

ಆದರೆ ಪೊಲೀಸರ ಮುಂದೆ ಕಾರ್ಲಾಳಿಗೆ ಬೇಕಾಗಿದ್ದದ್ದು ಪದಗಳು. ಹುಟ್ಟು ಅಮೆರಿಕನ್ನಳಂತೆ ಕೇಳಿಸುವ ಧಾಟಿ ಇದ್ದು ಅಲ್ಲಿ ಆಗಬೇಕಾದ್ದೇನೂ ಇರಲಿಲ್ಲ. ರೋಡ್ರಿಗೆಸ್ ಈ ಎರಡನ್ನೂ ಬೇರೆ ಮಾಡಿ ನೋಡುವುದಿಲ್ಲ. ಬೇರೆ ಮಾಡಿದವರು ಗ್ಲೋರಿಯಾ ಅನ್ಸಾಲ್ದುವಾ. 'ಬಾರ್ಡರ್‌ಲ್ಯಾಂಡ್ಸ್' (1987) ಕೃತಿಯಲ್ಲಿ ಅವರು ಟೆಕ್ಸಸ್‌ನ ತಮ್ಮ ವಿಶ್ವವಿದ್ಯಾಲಯದಲ್ಲಿ ಮೆಕ್ಸಿಕನ್ ಮೂಲದ ವಿದ್ಯಾರ್ಥಿಗಳೆಲ್ಲ ಆಕ್ಸೆಂಟು ಹೋಗಲಾಡಿಸಲು ಎರಡು ಉಚ್ಚಾರಣಾ ತರಗತಿ ಕಡ್ಡಾಯವಾಗಿ ಕೂರಬೇಕಿತ್ತೆಂದು ದಾಖಲಿಸುತ್ತಾರೆ. ಕಾಲೇಜು ಮೆಟ್ಟಿಲು ಹತ್ತಿದ ಆ ಮಕ್ಕಳಿಗೆ ಇಂಗ್ಲಿಷ್ ಬರುತ್ತಿತ್ತು. ತರಗತಿಗೆ ಕೂರಿಸಿದ್ದು ಅವರು ಯಾರೆಂದು ಕೇಳಿಸದಿರಲಿ ಎಂದು.

ಯುರೋಪ್ ಕೌನ್ಸಿಲ್ ತನ್ನ ಉಚ್ಚಾರಣೆಯ ಪಟ್ಟಿಯನ್ನು 2018ರಲ್ಲಿ ಹೊಸದಾಗಿ ಬರೆಯಿತು. ಮೇಲಿನ ಮೆಟ್ಟಿಲುಗಳಲ್ಲೂ ಬೇರೆ ಭಾಷೆಯ ಧಾಟಿ ಉಳಿದಿರಬಹುದು, ಕೇಳುಗರಿಗೆ ತಿಳಿಯುತ್ತದೋ ಇಲ್ಲವೋ ಎಂಬುದೇ ಅಳತೆ ಎಂದು ಈಗ ಒಪ್ಪಿಕೊಂಡಿದೆ. ಇದರಿಂದ ಅಭ್ಯಾಸ ಬೇಡವೆಂದಾಗುವುದಿಲ್ಲ. 'ಶಿಪ್', 'ಶೀಪ್' ಬೇರೆಯಾಗಿ ಕೇಳಿಸಲೇಬೇಕು, 'ವಾಕ್ಡ್' ಎಂಬುದರ ಬಾಲ ಉಳಿಯಲೇಬೇಕು, ಏಕೆಂದರೆ ಅಲ್ಲಿ ಅರ್ಥ ಅಡಗಿದೆ. 'ಎಸ್ಕೂಲ್' ಎಂದವಳು ಎಲ್ಲಿಗೆ ಹೊರಟಿದ್ದಾಳೆಂದು ಮಾತ್ರ ಕೇಳಿದವರಿಗೆಲ್ಲ ಗೊತ್ತು.

ಕೊನೆಗೊಂದು ಸಂಗತಿ. ಸಾಂಟಿಯಾಗೊ ಇಂಗ್ಲಿಷಿನಲ್ಲಿ ಬರೆದ ತಮ್ಮ ಬಾಲ್ಯವನ್ನು ತಾವೇ ಸ್ಪ್ಯಾನಿಷ್‌ಗೆ ತರಲು ಕುಳಿತಾಗ, ಸ್ಪ್ಯಾನಿಷ್‌ನಲ್ಲಿ ಬದುಕಿದ್ದ ಬದುಕಿಗೆ ಸ್ಪ್ಯಾನಿಷ್ ಪದಗಳೇ ಒದಗಲಿಲ್ಲ. ಆಲ್ವಾರೆಸ್ ಕಾದಂಬರಿಯ ಮೊದಲ ಅಧ್ಯಾಯದಲ್ಲಿ ದ್ವೀಪಕ್ಕೆ ಮರಳಿದ ಯೋಲಾಂಡಾಳ ಸ್ಪ್ಯಾನಿಷ್ ಕೂಡ ಹೀಗೇ ತಡವರಿಸುತ್ತದೆ. ಅವಳು ಈಗ ತನ್ನದೇ ತಾಯ್ನುಡಿಯಲ್ಲಿ ನಡುಮೆಟ್ಟಿಲಿನವಳು, ಅತ್ತೆ-ಚಿಕ್ಕಮ್ಮಂದಿರು ಅವಳನ್ನು ತಿದ್ದುತ್ತಾರೆ. ಕಾದಂಬರಿಯನ್ನು ಎರಡನೆಯ ಸಲ ಓದುವವರು ಈ ಅಧ್ಯಾಯವನ್ನು ಮರೆಯದೆ 'ಡಾಟರ್ ಆಫ್ ಇನ್ವೆನ್ಷನ್' ಪಕ್ಕದಲ್ಲಿಟ್ಟು ಓದಬೇಕು.