ಎರೆಸೀಮೆಯ ನಡುಗಡ್ಡೆ

ಸುತ್ತ ಕಡಲೆ, ಜೋಳ, ಹತ್ತಿಯ ಎರೆಹೊಲಗಳು. ನಡುವೆ ಗದಗ, ಮುಂಡರಗಿ, ಶಿರಹಟ್ಟಿ ತಾಲ್ಲೂಕುಗಳಿಗೆ ಚಾಚಿಕೊಂಡ ಕಪ್ಪತಗುಡ್ಡ. ಇಲ್ಲಿನ ಜೀವಿಗಳಿಗೆ ಈ ಬಯಲೇ ಕಡಲು. ಗುಡ್ಡ ಇಳಿದರೆ ಅಡಗಲು ಪೊದೆಯಿಲ್ಲ.

ಚಿರತೆ, ತೋಳ, ಕತ್ತೆಕಿರುಬ ಇಲ್ಲಿವೆ. ನನಗೆ ಮಾತ್ರ ಕೊಂಡುಕುರಿಯೇ ಹೆಚ್ಚು ಪ್ರೀತಿ. ಭಾರತ, ನೇಪಾಳ ಬಿಟ್ಟರೆ ಜಗತ್ತಿನ ಬೇರೆ ಯಾವ ಕಾಡಿನಲ್ಲೂ ಇದು ಸಿಗದು. ಗಂಡಿಗೆ ನಾಲ್ಕು ಕೊಂಬು: ಹಿಂದಿನ ಜೋಡಿ ಉದ್ದ, ಮುಂದಿನದು ಮೊಟಕು. ಹೆಣ್ಣಿಗೆ ಕೊಂಬೇ ಇಲ್ಲ. ಹಿಂಡು ಕಟ್ಟುವ ಗೋಜಿಗೂ ಹೋಗದೆ ಹುಲ್ಲಿನ ಮರೆಯಲ್ಲಿ ಒಂಟಿಯಾಗಿ ಬದುಕುತ್ತದೆ. ಎಂಥ ಚೆಲುವಿನ ನಾಚಿಕೆ ಅದರದು!

ಅಮೃತಬಳ್ಳಿ, ಮಧುನಾಶಿನಿ, ಶತಾವರಿಗಳನ್ನು ಅರಸಿ ನಾಟಿ ವೈದ್ಯರು ಹತ್ತುವ ಗುಡ್ಡವೂ ಇದೇ. ಇದರ ಒಡಲಲ್ಲಿ ಕಬ್ಬಿಣ, ಚಿನ್ನದ ಅದಿರೂ ಇದೆ. ಗಣಿಯವರ ಕಣ್ಣು ಬಿದ್ದದ್ದು ಅದಕ್ಕೇ. ಗದಗಿನ ತೋಂಟದ ಸಿದ್ಧಲಿಂಗ ಸ್ವಾಮಿಗಳು ಜನರೊಡನೆ ಬೀದಿಗಿಳಿದರು. 2019ರಲ್ಲಿ ಸುಮಾರು 244 ಚದರ ಕಿಲೋಮೀಟರ್ ವನ್ಯಧಾಮವಾಯಿತು. ಅದನ್ನು ಕಾಣಲು ಸ್ವಾಮಿಗಳು ಇರಲಿಲ್ಲ. ಹಿಂದಿನ ವರ್ಷವೇ ಲಿಂಗೈಕ್ಯರಾಗಿದ್ದರು.

ಈಗಿನ ಭಯ ಬೆಂಕಿಯದು. ಆಳೆತ್ತರದ ಬಾದೆ ಹುಲ್ಲು ಬೇಸಿಗೆಗೆ ಒಣಗಿ ನಿಂತಾಗ ಒಂದು ಬೀಡಿಯ ಕಿಡಿ ಸಾಕು. ಗುಡ್ಡ ಹತ್ತುವವರು ಬೆಂಕಿಪೆಟ್ಟಿಗೆಯನ್ನು ಊರಲ್ಲೇ ಬಿಟ್ಟು ಬರಬೇಕು.