ಉಸಿರುಗೊಳವೆಯ ದಾರಿ: ಸಣ್ಣ ಡೀಸೆಲ್ ದೋಣಿಯ ಇಂಧನವ್ಯವಸ್ಥೆಯ ವಿಮರ್ಶೆ

ಸಣ್ಣ ಡೀಸೆಲ್ ದೋಣಿಗಳ ನಿರ್ಮಾಣವನ್ನು ಕುರಿತು ಬರೆಯುವವರು ಒಡಲಿನ ರೇಖಾವಿನ್ಯಾಸ, ಎಂಜಿನ್ನಿನ ಬಲ, ಒಳಗಿನ ಮರಗೆಲಸದ ನಯ ಇವುಗಳನ್ನು ವರ್ಣಿಸುವಾಗ ತೋರುವ ಉತ್ಸಾಹದ ಶತಾಂಶವನ್ನಾದರೂ ಇಂಧನದ ಟ್ಯಾಂಕಿಗೆ ಹೋಗಿ ಸೇರುವ ಎರಡು ಕೊಳವೆಗಳ ವಿಷಯದಲ್ಲಿ ತೋರಿದ್ದರೆ, ದೋಣಿಯ ಒಡೆಯರು ಡೀಸೆಲ್ ಬಂಕಿನ ಕಟ್ಟೆಗೆ ಹಗ್ಗ ಬಿಗಿದು ನಿಂತಾಗ ಪಡುವ ಸಂಕಟ ಬಹುಮಟ್ಟಿಗೆ ತಪ್ಪುತ್ತಿತ್ತು. ಆ ಎರಡರಲ್ಲಿ ಒಂದು ಡೆಕ್ಕಿನ ಮೇಲಿನ ಮುಚ್ಚಳದಿಂದ ಇಂಧನವನ್ನು ಕೆಳಗಿಳಿಸುವ ತುಂಬುಗೊಳವೆ. ಇದರ ಒಳವ್ಯಾಸ ಸಾಮಾನ್ಯವಾಗಿ 38 ಮಿಲಿಮೀಟರು. ಇನ್ನೊಂದು, ಟ್ಯಾಂಕಿನೊಳಗಿನ ಗಾಳಿಯನ್ನು ಹೊರಕ್ಕೆ ಬಿಡುವ, ಹೆಚ್ಚೆಂದರೆ 16 ಮಿಲಿಮೀಟರು ಒಳವ್ಯಾಸದ ಉಸಿರುಗೊಳವೆ. 1970 ಮತ್ತು 80ರ ದಶಕಗಳಲ್ಲಿ ಅಮೆರಿಕದ ಕಾರ್ಖಾನೆಗಳಿಂದ ಸಾಲುಸಾಲಾಗಿ ಹೊರಬಂದು ಇಂದಿಗೂ ನೀರಿನ ಮೇಲಿರುವ, ಸುಮಾರು 30 ಅಡಿ ಉದ್ದದ ಫೈಬರ್‌ಗ್ಲಾಸ್ ಹಾಯಿದೋಣಿಗಳಲ್ಲಿ ಈ ಎರಡನೆಯ ಕೊಳವೆಯ ಅವಸ್ಥೆ ಎಂಥದೆಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಲಕ್ಷಣಗಳು ಎಲ್ಲರಿಗೂ ಪರಿಚಿತ. ಪಂಪಿನ ನಾಝಲನ್ನು ತುಂಬುಬಾಯಿಗೆ ಇಟ್ಟು ಹಿಡಿಕೆಯನ್ನು ಒತ್ತಿದರೆ ನಾಲ್ಕಾರು ಲೀಟರು ಹೋಗುವಷ್ಟರಲ್ಲಿ ಅದು ಟಕ್ಕೆಂದು ನಿಂತುಬಿಡುತ್ತದೆ. ಒತ್ತಡವನ್ನು ಸಡಿಲಿಸಿ, ನೊರೆ ಇಳಿಯುವವರೆಗೆ ಕಾದು, ಮತ್ತೆ ಒತ್ತಿದರೆ ಮತ್ತೆ ಅದೇ ಪಾಡು. ಹೀಗೆ 80 ಲೀಟರಿನ ಟ್ಯಾಂಕಿಗೆ ಗುಟುಕುಗುಟುಕಾಗಿ ಡೀಸೆಲ್ ಕುಡಿಸಿ, ಇನ್ನೇನು ತುಂಬಿತು ಎನ್ನುವ ಗಳಿಗೆಯಲ್ಲಿ, ತುಂಬುಬಾಯಿಯಲ್ಲಿ ಏನೂ ಕಾಣದಿರುವಾಗಲೇ, ದೋಣಿಯ ಪಕ್ಕದ ಸಣ್ಣ ರಂಧ್ರದಿಂದ ಇಂಧನ ಚಿಮ್ಮಿ ನೀರಿಗೆ ಬೀಳುತ್ತದೆ. ಬಿದ್ದದ್ದು ಅಲ್ಪವೆಂದು ಸಮಾಧಾನ ತಾಳುವಂತಿಲ್ಲ. ಒಂದು ಲೀಟರು ಡೀಸೆಲ್ ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿನಷ್ಟು ತೆಳುವಾಗಿ ಹರಡಿದರೆ 1000 ಚದರ ಮೀಟರು ನೀರನ್ನು ಮುಚ್ಚಬಲ್ಲದೆಂಬುದು ಸರಳ ಗಣಿತ. ಅಮೆರಿಕದ ಕಾನೂನಿನ ದೃಷ್ಟಿಯಲ್ಲಾದರೋ ಪ್ರಮಾಣ ಎಷ್ಟೆಂಬ ಪ್ರಶ್ನೆಯೇ ಏಳುವುದಿಲ್ಲ, ನೀರಿನ ಮೇಲೆ ಎಣ್ಣೆಯ ಬಣ್ಣದ ಪೊರೆ ಕಣ್ಣಿಗೆ ಕಂಡರೆ ಸಾಕು, ಅದು ವರದಿ ಮಾಡತಕ್ಕ ಅಪರಾಧ. ಪಾತ್ರೆ ತೊಳೆಯುವ ಸಾಬೂನುದ್ರವವನ್ನು ಎರಚಿ ಆ ಪೊರೆಯನ್ನು ಮಾಯಮಾಡುವ ಜಾಣರೂ ಉಂಟು. ಅದು ಎಣ್ಣೆಯನ್ನು ನೀರಿನೊಳಕ್ಕೆ ಬೆರೆಸುವುದೇ ಹೊರತು ತೆಗೆಯುವುದಲ್ಲವಾದ ಕಾರಣ, ಸೋರಿದ್ದಕ್ಕಿಂತ ಮುಚ್ಚಿದ್ದಕ್ಕೇ ಹೆಚ್ಚು ದಂಡ ತೆರಬೇಕಾಗಿ ಬಂದೀತು.

ನಿಧಾನವಾಗಿ ತುಂಬುವುದನ್ನು ಒಂದು ದೋಷವೆಂದೂ ಹೊರಚೆಲ್ಲುವುದನ್ನು ಮತ್ತೊಂದೆಂದೂ ಎಣಿಸಿ, ಒಂದಕ್ಕೆ ತಾಳ್ಮೆಯನ್ನೂ ಇನ್ನೊಂದಕ್ಕೆ ಚಿಂದಿಬಟ್ಟೆಯನ್ನೂ ಔಷಧವಾಗಿ ಬಳಸುವುದು ರೂಢಿಯಾಗಿದೆ. ನನ್ನ ಅಭಿಪ್ರಾಯದಲ್ಲಿ ಇವೆರಡೂ ಒಂದೇ ಮೂಲದಿಂದ ಹುಟ್ಟುವ ವಿಕಾರಗಳು. ಟ್ಯಾಂಕಿನೊಳಕ್ಕೆ ಒಂದು ಲೀಟರು ದ್ರವ ಹೋಗಬೇಕಾದರೆ ಒಂದು ಲೀಟರು ಗಾಳಿ ಹೊರಬರಬೇಕು. ಬಾಯಿ ಕಿರಿದಾದ ತಂಬಿಗೆಯನ್ನು ನೀರಿನಲ್ಲಿ ಅದ್ದಿದಾಗ ಒಂದೇ ಬಾಯಿಯಲ್ಲಿ ನೀರೂ ಗಾಳಿಯೂ ಗುಳುಗುಳು ಎಂದು ಜಗಳವಾಡುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಾದುದಿಲ್ಲ. ನೊರೆಯನ್ನು ತಗ್ಗಿಸಲೆಂದು ತುಂಬುಗೊಳವೆಯನ್ನು ಟ್ಯಾಂಕಿನ ತಳದ ಸಮೀಪದವರೆಗೆ ಇಳಿಸಿರುವ ದೋಣಿಗಳಲ್ಲಿ, ಅದರ ತುದಿ ಡೀಸೆಲಿನಲ್ಲಿ ಮುಳುಗಿದ ಮೇಲೆ ಗಾಳಿಗೆ ಆ ದಾರಿಯೂ ಇಲ್ಲ. ಸಮಸ್ತ ಭಾರವೂ ಉಸಿರುಗೊಳವೆಯ ಮೇಲೆ ಬೀಳುತ್ತದೆ. ಆ ಕೊಳವೆ ಕಿರಿದಾಯಿತೆಂಬುದು ಸಾಮಾನ್ಯವಾದ ದೂರು. ಆದರೆ ಲೆಕ್ಕ ಹಾಕಿ ನೋಡಿದರೆ, ನಿಮಿಷಕ್ಕೆ 40 ಲೀಟರಿನಂತೆ ತುಂಬುವಾಗಲೂ 16 ಮಿಲಿಮೀಟರಿನ ಕೊಳವೆಯಲ್ಲಿ ಗಾಳಿಯ ವೇಗ ಸೆಕೆಂಡಿಗೆ ಮೂರು ಮೀಟರನ್ನು ಸ್ವಲ್ಪ ಮೀರುತ್ತದೆ, ಅಷ್ಟೆ. ಗಾಳಿಗೆ ಅದು ಕಷ್ಟದ ದಾರಿಯಲ್ಲ. ಕಷ್ಟ ಒದಗುವುದು ಕೊಳವೆಯೊಳಗೆ ಗಾಳಿಯಲ್ಲದೆ ಮತ್ತೇನಾದರೂ ಇದ್ದಾಗ.

ಇರುತ್ತದೆ. ಹಾಯಿದೋಣಿಯ ಹಿಂಬದಿಯ ಪೆಟ್ಟಿಗೆಯ ಮುಚ್ಚಳವನ್ನೆತ್ತಿ, ದೀಪ ಹಿಡಿದು, ಟ್ಯಾಂಕಿನಿಂದ ಹೊರಟ ಆ ಹೋಸ್ ಪೈಪನ್ನು ಕಣ್ಣಿನಿಂದ ಅನುಸರಿಸಿದರೆ, ಮೊದಲು ಅದು ಮೇಲೇರುತ್ತದೆ. ಸಮುದ್ರದ ನೀರು ಒಳನುಗ್ಗದಿರಲೆಂದು ನಿರ್ಮಾಪಕನು ಡೆಕ್ಕಿನ ಅಡಿಯಲ್ಲಿ ಅದಕ್ಕೆ ಒಂದು ಕಮಾನು ಕೊಟ್ಟಿರುತ್ತಾನೆ, ಅದು ಯುಕ್ತವೇ. ಆದರೆ ಏರಿಕೆಯ ಮಧ್ಯದಲ್ಲಿ, ಪೈಪನ್ನು ಹಿಡಿದಿದ್ದ ಕ್ಲಿಪ್ಪು ತುಕ್ಕುಹಿಡಿದು ಬಿದ್ದ ಕಡೆ, ಎಂಜಿನ್ನಿನ ಶಾಖಕ್ಕೆ ಮೆತ್ತಗಾದ ಪ್ಲಾಸ್ಟಿಕ್ಕು ಮೊಣಕೈಯುದ್ದ ಜೋತುಬಿದ್ದು ಹೊಟ್ಟೆ ಬಿಟ್ಟಿರುತ್ತದೆ. ನಕ್ಷೆಯಲ್ಲಿ ಈ ಹೊಟ್ಟೆ ಇಲ್ಲ. ಹಿಂದಿನ ಸಲ ಅತಿಯಾಗಿ ತುಂಬಿದಾಗ ಉಕ್ಕಿದ ಡೀಸೆಲೋ, ಹಾಯಿಯ ಬಲಕ್ಕೆ ದೋಣಿ ವಾಲಿದಾಗ ಹರಿದುಬಂದದ್ದೋ ಅಲ್ಲಿ ತಂಗಿ ನಿಲ್ಲುತ್ತದೆ. 16 ಮಿಲಿಮೀಟರಿನ ಪೈಪು ಮೀಟರೊಂದಕ್ಕೆ 200 ಮಿಲಿಲೀಟರಿನಷ್ಟು ಮಾತ್ರ ಹಿಡಿಯುವುದರಿಂದ, ಹೀಗೆ ನಿಂತ ದ್ರವ ಒಂದು ಲೋಟವನ್ನೂ ತುಂಬಲಾರದು. ಆದರೂ ಹೊಟ್ಟೆಯ ಆಳ 30 ಸೆಂಟಿಮೀಟರು ಇದ್ದರೆ, ಅದನ್ನು ತಳ್ಳಿ ಹೊರಬರಲು ಟ್ಯಾಂಕಿನೊಳಗಿನ ಗಾಳಿ 25 ಸೆಂಟಿಮೀಟರು ನೀರಿನ ಕಂಬಕ್ಕೆ ಸಮನಾದ ಒತ್ತಡವನ್ನು ಗಳಿಸಬೇಕು. ಅಷ್ಟು ಒತ್ತಡ ಏರುವವರೆಗೆ ತುಂಬುಗೊಳವೆಯಲ್ಲಿ ಡೀಸೆಲು ಟ್ಯಾಂಕಿನ ಮಟ್ಟವನ್ನು ಮೀರಿ ಒಂದಡಿ ಎತ್ತರಕ್ಕೆ ನಿಲ್ಲುತ್ತದೆ, ನೊರೆ ಅದಕ್ಕೂ ಮೇಲೇರುತ್ತದೆ, ನಾಝಲ್ ಮುಚ್ಚಿಕೊಳ್ಳುತ್ತದೆ. ಕೊನೆಗೆ ಗಾಳಿ ಗೆದ್ದಾಗ, ತಡೆದು ನಿಂತ ಆ ದ್ರವವೇ ಮುಂದಿನ ದಾರಿಯೆಲ್ಲವನ್ನೂ ಓಡಿ ಹೊರಕ್ಕೆ ಉಗುಳಲ್ಪಡುತ್ತದೆ. ನಿಧಾನಕ್ಕೂ ಚೆಲ್ಲುವಿಕೆಗೂ ಇರುವ ಸಂಬಂಧ ಇಷ್ಟು ನಿಕಟವಾದದ್ದು.

ಇನ್ನೊಂದು ನ್ಯೂನತೆಯನ್ನು ಮಾತ್ರ ವಿನ್ಯಾಸಕಾರನ ಹೆಸರಿಗೇ ಬರೆಯಬೇಕು. ಉಸಿರುಗೊಳವೆಯ ಬಾಯನ್ನು ಒಡಲಿನ ಪಕ್ಕದಲ್ಲೋ ಹಿಂಗೋಡೆಯಲ್ಲೋ, ಡೆಕ್ಕಿನ ಮೇಲಿನ ತುಂಬುಬಾಯಿಗಿಂತ ಕೆಳಗೆ ಕೊರೆದಿರುವುದು ಈ ದೋಣಿಗಳಲ್ಲಿ ಸಾಮಾನ್ಯ. ನೋಡಲು ಅಂದ, ಕಾಲಿಗೆ ತೊಡರದು. ಆದರೆ ಬಂಕಿನ ನಾಝಲ್ ತಾನಾಗಿ ನಿಲ್ಲುವುದು ಹೇಗೆಂಬುದನ್ನು ಬಲ್ಲವರು ಈ ಏರ್ಪಾಡನ್ನು ಮೆಚ್ಚಲಾರರು. ಅದರ ಮೂತಿಯ ತುದಿಯಲ್ಲಿ ಒಂದು ಸಣ್ಣ ರಂಧ್ರವಿದೆ. ಹರಿಯುವ ಇಂಧನವೇ ಉಂಟುಮಾಡುವ ಹೀರುವಿಕೆಯಿಂದ ಆ ರಂಧ್ರದ ಮೂಲಕ ಗಾಳಿ ಒಳಸೇರುತ್ತಿರುತ್ತದೆ. ದ್ರವವೋ ನೊರೆಯೋ ಅದನ್ನು ಮುಚ್ಚಿದೊಡನೆ ಒಳಗಿನ ತೆಳುಪಟಲ ಸೆಳೆಯಲ್ಪಟ್ಟು ಕೀಲು ಕಳಚುತ್ತದೆ. ಮೋಟಾರುಗಾಡಿಯಲ್ಲಿ ಇದು ಸೊಗಸಾಗಿ ನಡೆಯುತ್ತದೆ. ದೋಣಿಯಲ್ಲಿ ದ್ರವವು ನಾಝಲಿನ ಮೂತಿಯನ್ನು ಮುಟ್ಟುವ ಮೊದಲೇ ಅದಕ್ಕಿಂತ ಕೆಳಗಿರುವ ಉಸಿರುಬಾಯನ್ನು ಮುಟ್ಟುವುದರಿಂದ, ಬೇಡವಾದಾಗ ನೊರೆಗೆ ಹೆದರಿ ನಿಲ್ಲುವ ಯಂತ್ರ, ಬೇಕಾದಾಗ ನಿಲ್ಲುವುದೇ ಇಲ್ಲ.

ಪೇಟೆಯಲ್ಲಿ ದೊರೆಯುವ ಪರಿಹಾರಗಳನ್ನು ಈ ಹಿನ್ನೆಲೆಯಲ್ಲಿ ತೂಗಿ ನೋಡಬೇಕು. ಉಸಿರುಬಾಯಿಗೆ ಹೊರಗಿನಿಂದ ರಬ್ಬರಿನ ಹೀರುಬಟ್ಟಲುಗಳ ಮೂಲಕ ಅಂಟಿಸುವ ಪ್ಲಾಸ್ಟಿಕ್ ಸೀಸೆ ಪ್ರಾಮಾಣಿಕವಾದ ಸಾಧನ, ಚೆಲ್ಲುವುದನ್ನು ಹಿಡಿಯುತ್ತೇನೆ ಎನ್ನುತ್ತದೆ, ಹಿಡಿಯುತ್ತದೆ; ಒಡಲು ಒದ್ದೆಯಾಗಿದ್ದರೆ ಕಳಚಿಯೂ ಬೀಳುತ್ತದೆ. ಗಾಳಿ ಹೊರಡುವಾಗ ಸಿಳ್ಳು ಹಾಕಿ, ಟ್ಯಾಂಕು ತುಂಬಿದಾಗ ಮೌನವಾಗುವ ಉಪಕರಣ ನನಗೆ ಮೆಚ್ಚಾದದ್ದು, ಏಕೆಂದರೆ ಅದು ಮನುಷ್ಯನ ಕಿವಿಯನ್ನು ಕೆಲಸಕ್ಕೆ ಕರೆಯುತ್ತದೆ. ಆದರೆ ಕೊಳವೆಯ ಹೊಟ್ಟೆಯಲ್ಲಿ ಡೀಸೆಲ್ ನಿಂತಿದ್ದರೆ ಟ್ಯಾಂಕು ಅರ್ಧವಿರುವಾಗಲೇ ಅದು ಮೌನವಾಗಿ ನಮ್ಮನ್ನು ವಂಚಿಸೀತು. ದ್ರವ ಬಂದೊಡನೆ ತೇಲಿ ದಾರಿಯನ್ನು ಮುಚ್ಚುವ ಗುಂಡುಳ್ಳ ಕವಾಟವನ್ನು ತಯಾರಕರು ಹೆಚ್ಚು ಹೊಗಳುತ್ತಾರೆ. ಹೊಸದರಲ್ಲಿ ಅದು ಚೆನ್ನಾಗಿಯೇ ನಡೆದೀತು. ಆದರೆ ಚಲಿಸುವ ಅಂಗವೊಂದನ್ನು, ಡೀಸೆಲಿನ ಜಿಗುಟೂ ಉಪ್ಪುಗಾಳಿಯೂ ಕೂಡುವ ಸ್ಥಳದಲ್ಲಿ, ಯಾರ ಕಣ್ಣಿಗೂ ಬೀಳದಂತೆ ಅಡಗಿಸಿಟ್ಟು, ಅದು ಎಂದಿಗೂ ಅಂಟಿಕೊಳ್ಳದೆಂದು ನಂಬುವ ಧೈರ್ಯ ನನಗಿಲ್ಲ. ಏಕೆಂದರೆ ಉಸಿರುಗೊಳವೆ ಗಾಳಿಯನ್ನು ಹೊರಬಿಡುವುದು ತುಂಬುವಾಗ ಮಾತ್ರ, ಉಳಿದ ವೇಳೆಯೆಲ್ಲ ಎಂಜಿನ್ ಕುಡಿದ ಡೀಸೆಲಿಗೆ ಬದಲಾಗಿ ಗಾಳಿಯನ್ನು ಒಳಗೆ ತರುವುದೇ ಅದರ ಕೆಲಸ. ಅದು ಮುಚ್ಚಿದರೆ ಟ್ಯಾಂಕಿನಲ್ಲಿ ನಿರ್ವಾತ ಹುಟ್ಟಿ, ಬಂದರಿನ ಬಾಯಲ್ಲಿ, ಅಲೆಗಳ ನಡುವೆ, ಎಂಜಿನ್ ಹಸಿದು ನಿಲ್ಲುತ್ತದೆ. ಎರಡು ಲೋಟ ಎಣ್ಣೆಯನ್ನು ಉಳಿಸಲು ಹೋಗಿ ದೋಣಿಯನ್ನೇ ಪಣಕ್ಕಿಡುವ ಈ ಉಪಾಯವನ್ನು ಒಪ್ಪುವುದು ಕಷ್ಟ. ಉಸಿರುಗೊಳವೆಯನ್ನು ಹಿಂದಕ್ಕೆ ತಿರುಗಿಸಿ ತುಂಬುಬಾಯಿಯ ಕಂಠಕ್ಕೇ ಸೇರಿಸುವ ಡೆಕ್ ಫಿಟ್ಟಿಂಗ್ ಇವೆಲ್ಲಕ್ಕಿಂತ ಉತ್ತಮ, ಉಕ್ಕಿದ್ದು ನಾಝಲಿನ ಬಳಿಗೇ ಬರುತ್ತದಾದ್ದರಿಂದ. ಅದರ ಮುಚ್ಚಳದ ರಬ್ಬರು ಬಳೆ ಹಳತಾದರೆ ಡೆಕ್ಕಿನ ಮೇಲೆ ಹರಿಯುವ ಸಮುದ್ರಕ್ಕೆ ನೇರವಾಗಿ ಟ್ಯಾಂಕಿನ ಬಾಗಿಲು ತೆರೆದಂತಾಗುವುದೆಂಬ ಎಚ್ಚರಿಕೆಯೊಡನೆ ಇದನ್ನು ಹೇಳಬೇಕು.

ಇವುಗಳಲ್ಲಿ ಯಾವುದನ್ನೇ ಕೊಳ್ಳುವ ಮೊದಲು ದೋಷವೆಲ್ಲಿದೆಯೆಂದು ತಿಳಿಯುವುದು ವಿವೇಕ, ಅದಕ್ಕೆ ದುಡ್ಡೂ ಬೇಕಿಲ್ಲ. ಟ್ಯಾಂಕು ಮುಕ್ಕಾಲು ಖಾಲಿಯಿರುವಾಗ ಉಸಿರುಗೊಳವೆಯನ್ನು ಟ್ಯಾಂಕಿನ ಬುಡದಲ್ಲಿ ಕಳಚಿ, ಆ ಬಾಯಿಯ ಸುತ್ತ ಬಟ್ಟೆ ಸುತ್ತಿ, ಕ್ಯಾನಿನಿಂದ ಹತ್ತು ಲೀಟರನ್ನು ವೇಗವಾಗಿ ಸುರಿದಾಗ ಸರಾಗವಾಗಿ ಇಳಿದರೆ ತಪ್ಪು ಉಸಿರುಗೊಳವೆಯದು. ಆಗಲೂ ತಡೆದರೆ ತುಂಬುಗೊಳವೆಯೇ ಎಲ್ಲೋ ಮಡಿಚಿಕೊಂಡಿದೆ ಅಥವಾ ಅಡ್ಡಲಾಗಿ ಬಹುದೂರ ಮಲಗಿದೆ. (ಪೆಟ್ರೋಲಿನ ದೋಣಿಯಲ್ಲಿ ಈ ಪರೀಕ್ಷೆ ಸರ್ವಥಾ ಕೂಡದು.) ಕಳಚಿದ ಪೈಪಿನೊಳಕ್ಕೆ ಸೈಕಲ್ ಪಂಪಿನಿಂದ ಗಾಳಿ ಹಾಕಿದಾಗ ಗೊಳಗೊಳ ಸದ್ದು ಕೇಳಿದರೆ ಹೊಟ್ಟೆಯಲ್ಲಿ ದ್ರವವಿದೆಯೆಂದು ಅರ್ಥ, ಏನೂ ಹೊರಡದಿದ್ದರೆ ಹೊರಬಾಯಿಯ ಜಾಲರಿ ಉಪ್ಪಿನಿಂದಲೋ, ಒಡಲಿಗೆ ಬಳಿದ ಬಣ್ಣದಿಂದಲೋ, ಕಣಜದ ಹುಳು ಕಟ್ಟಿದ ಮಣ್ಣಿನಿಂದಲೋ ಮುಚ್ಚಿದೆ. ಜೋತುಬಿದ್ದ ಪೈಪನ್ನು ತೆಗೆದೆಸೆದು, ಗೋಡೆ ದಪ್ಪನಾದ ಹೊಸ ಇಂಧನ ಪೈಪನ್ನು ಟ್ಯಾಂಕಿನಿಂದ ಕಮಾನಿನವರೆಗೆ ಎಲ್ಲಿಯೂ ಇಳಿಯದಂತೆ ಏರಿಸಿ, ಗೇಣಿಗೊಂದು ಕ್ಲಿಪ್ಪು ಬಿಗಿದು, ಸಾಧ್ಯವಾದರೆ ಹೊರಬಾಯನ್ನು ತುಂಬುಬಾಯಿಗಿಂತ ಎತ್ತರಕ್ಕೆ ಸ್ಥಳಾಂತರಿಸುವುದು ಒಂದು ಅಪರಾಹ್ನದ ಕೆಲಸ. 1954ರಲ್ಲಿ ಸ್ಥಾಪಿತವಾದ ಅಮೆರಿಕನ್ ಬೋಟ್ ಅಂಡ್ ಯಾಟ್ ಕೌನ್ಸಿಲ್ ಪ್ರಕಟಿಸುವ ಗುಣಮಟ್ಟಗಳು ನಿರ್ಮಾಪಕರು ಸ್ವಯಂಪ್ರೇರಣೆಯಿಂದ ಪಾಲಿಸತಕ್ಕವು. ಅವು ಕಾರ್ಖಾನೆಯ ಬಾಗಿಲು ದಾಟುವ ದೋಣಿಯನ್ನು ತಿದ್ದಬಲ್ಲವೇ ವಿನಾ, ನಲವತ್ತು ವರ್ಷಗಳ ಮೇಲೆ ಬಿದ್ದುಹೋದ ಕ್ಲಿಪ್ಪನ್ನು ಎತ್ತಿ ಕಟ್ಟಲಾರವು.

ನಮ್ಮ ಮಲ್ಪೆ, ಮಂಗಳೂರುಗಳ ಟ್ರಾಲ್ ಬೋಟುಗಳು ಸಾವಿರಾರು ಲೀಟರು ತುಂಬಿಸಿಕೊಂಡು ಹೊರಡುವುವಾದರೂ ಗಾಳಿಯ ನಿಯಮ ಅವುಗಳಿಗೆ ಬೇರೆಯಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷಿದ್ಧವಾಗಿ ಬೋಟುಗಳು ದಡದಲ್ಲಿ ನಿಲ್ಲುವ 61 ದಿನಗಳಲ್ಲಿ ಬಲೆಗೂ ಬಣ್ಣಕ್ಕೂ ಸಲ್ಲುವ ಗಮನದಲ್ಲಿ ಒಂದಿಷ್ಟು ಈ ಕೊಳವೆಗೂ ಸಂದರೆ ನಷ್ಟವೇನಿಲ್ಲ.

ದುರಸ್ತಿಗೆ ಮಣಿಯದ ದೋಣಿಗಳೂ ಇವೆಯೆಂಬುದನ್ನು ಒಪ್ಪಬೇಕು. ಉಸಿರುಗೊಳವೆ ಸೇರುವ ಮೂತಿಯನ್ನು ಟ್ಯಾಂಕಿನ ತಪ್ಪು ತುದಿಯಲ್ಲಿ ಬೆಸೆದಿದ್ದರೆ, ಕಟ್ಟೆಯ ಬಳಿ ಜನ ಒಂದೇ ಬದಿಗೆ ನಿಂತು ದೋಣಿ ತುಸು ವಾಲಿದಾಗ ಆ ಮೂತಿ ಡೀಸೆಲಿನಲ್ಲಿ ಮುಳುಗಿ, ಎದುರು ಮೂಲೆಯಲ್ಲಿ ಸಿಕ್ಕಿಬಿದ್ದ ಗಾಳಿ ಇಂಧನವನ್ನೇ ಹೊರದಬ್ಬುತ್ತದೆ. ಅದನ್ನು ತಿದ್ದಲು ಕುಳಿತುಕೊಳ್ಳುವ ನೆಲವನ್ನೇ ಗರಗಸದಿಂದ ಕೊಯ್ದು ಟ್ಯಾಂಕನ್ನು ಎತ್ತಬೇಕು. ಅಂಥ ದೋಣಿಯ ಒಡೆಯನಿಗೆ ಸಿಳ್ಳಿನ ಉಪಕರಣವನ್ನೂ ಸೀಸೆಯನ್ನೂ ನಾನು ಬೇಡವೆನ್ನಲಾರೆ. ಜನರನ್ನು ಮಧ್ಯಕ್ಕೆ ಕರೆದು ದೋಣಿಯನ್ನು ಸಮವಾಗಿರಿಸಿ, ಅಳತೆಯ ಕಡ್ಡಿಯಿಂದ ಉಳಿದದ್ದೆಷ್ಟೆಂದು ನೋಡಿ, ಇಷ್ಟೇ ಲೀಟರೆಂದು ಮೊದಲೇ ನಿಶ್ಚಯಿಸಿ, 100ಕ್ಕೆ 95ರಲ್ಲಿ ನಿಲ್ಲಿಸುವುದು ಅವನಿಗೆ ಒದಗಿದ ಮಾರ್ಗ. ಆ ಐದು ಪಾಲಿನ ತೆರಪು ವ್ಯರ್ಥವೂ ಅಲ್ಲ: ನೆಲದಡಿಯ ತಂಪಿನಿಂದ ಬಂದ 100 ಲೀಟರು ಡೀಸೆಲ್ ದೋಣಿಯ ಒಡಲಿನಲ್ಲಿ 15 ಡಿಗ್ರಿ ಬಿಸಿಯೇರಿದರೆ ಒಂದೂಕಾಲು ಲೀಟರಿನಷ್ಟು ಹಿಗ್ಗುತ್ತದೆ, ಮತ್ತು ಬಾಯಿವರೆಗೆ ತುಂಬಿದ ಟ್ಯಾಂಕಿನಿಂದ ಆ ಒಂದೂಕಾಲು ಲೀಟರು ನೀರಿಗೆ ಇಳಿಯುವುದು ಒಡೆಯನು ಹಣ ತೆತ್ತು ಊಟಕ್ಕೆ ಹೋದ ಮೇಲೆ.